ನೀಲಿ ಚುಕ್ಕಿ ಕೊಡದವರು

ಮೊನ್ನೆ ಕುಶಾಲನಗರದಿಂದ ಸಿದ್ದಾಪುರಕ್ಕೆ ಹೋಗುತ್ತಿದ್ದೆ. ಬಸ್ಸು ನೆಲ್ಯಹುದಿಕೇರಿಯಲ್ಲಿ ನಿಂತು ಬಾಗಿಲು ತೆರೆದ ಕೂಡಲೇ ಕಾಫಿ ಕಣದ ವಾಸನೆ ಒಳಗೆ ನುಗ್ಗಿತು. ಹಣ್ಣನ್ನು ಸಿಪ್ಪೆ ಸಮೇತ ಬಿಸಿಲಿಗೆ ಹರಡಿದ ಮೂರು ನಾಲ್ಕು ದಿನಕ್ಕೆ ಏಳುವ ಹುಳಿ ಹುಳಿ ವಾಸನೆ. ಲೋಟದ ಕಾಫಿಯನ್ನಷ್ಟೇ ಕಂಡವರು ಇದನ್ನು ಕಾಫಿ ಎಂದರೆ ನಂಬುವುದಿಲ್ಲ. ಪಕ್ಕದಲ್ಲಿ ಕೂತಿದ್ದ ಹೆಂಗಸು ಸೆರಗನ್ನು ಮೂಗಿಗೆ ಹಿಡಿದಳು. ನನಗೆ ಮಾತ್ರ ಆ ವಾಸನೆ ಬಂದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ. ಎರಡು ವರ್ಷದ ಹಿಂದಿನ ಒಂದು ಕಾಫಿ ಕುಯ್ಲಿನ ಕಾಲ, ಜನವರಿಯಿಂದ ಮಾರ್ಚ್‌ವರೆಗೆ, ನಾನು ಆ ವಾಸನೆಯಲ್ಲೇ ಓಡಾಡಿದ್ದೆ. ಅಷ್ಟು ದಿನದಲ್ಲಿ ಒಂದು ತಪ್ಪು ಮಾಡಿದೆ, ಒಂದು ಕೆಲಸ ಮಾಡುವುದಿಲ್ಲ ಎಂದೆ. ಎರಡನ್ನೂ ಇವತ್ತಿಗೂ ಮರೆತಿಲ್ಲ.

ನಾನು ಡಿಪ್ಲೊಮಾ ಓದಿದವಳು. ನಮ್ಮ ತಾತ ಅರಕಲಗೂಡು ಕಡೆಯಿಂದ ಬಂದು ಕುಶಾಲನಗರದ ಹತ್ತಿರ ಗದ್ದೆ ಮಾಡಿಕೊಂಡವರು. ಅಪ್ಪ ಅವ್ವ ಈಗಲೂ ಭತ್ತ, ಶುಂಠಿ ಬೆಳೆಯುತ್ತಾರೆ. ಆಗ ನಾನು ಕುಶಾಲನಗರದ ಒಂದು ಬಟ್ಟೆ ಅಂಗಡಿಯ ಮಹಡಿಯಲ್ಲಿದ್ದ ನಾಲ್ಕು ಜನರ ಆಫೀಸಿನಲ್ಲಿ ಮೊಬೈಲ್ ಆ್ಯಪ್ ಮಾಡುತ್ತಿದ್ದೆ. ಯಜಮಾನರು ಪ್ರಕಾಶ್ ಸರ್. ಅದುವರೆಗೆ ಹೋಂಸ್ಟೇಗಳಿಗೆ, ಬೇಕರಿಗಳಿಗೆ ಆ್ಯಪ್ ಮಾಡಿಕೊಟ್ಟಿದ್ದ ನಮಗೆ ಆ ವರ್ಷ ನೆಲ್ಯಹುದಿಕೇರಿ ಬದಿಯ ನಾಲ್ಕು ತೋಟದವರು ಸೇರಿ ಹೊಸ ಕೆಲಸ ಕೊಟ್ಟರು. ಆನೆ ಎಲ್ಲಿದೆ ಎಂದು ನಕ್ಷೆಯ ಮೇಲೆ ತೋರಿಸಬೇಕು.

ಕಾರಣ ಇತ್ತು. ಹಿಂದಿನ ವರ್ಷ ಬೆಳಗಿನ ಮಂಜಿನಲ್ಲಿ ಕೆಲಸಕ್ಕೆ ಹೊರಟಿದ್ದ ಮಣಿ ಎಂಬ ಹೆಂಗಸನ್ನು ಒಂಟಿ ಸಲಗ ಕೊಂದಿತ್ತು. ಏಳನೇ ಬ್ಲಾಕಿನಲ್ಲಿ ಆನೆ ಇದೆ ಎಂದು ಫೋನಿನ ಗುಂಪಿನಲ್ಲಿ ಮೆಸೇಜು ಬಂದಿತ್ತಂತೆ. ಆದರೆ ನಾಲ್ಕು ತೋಟಕ್ಕೂ ಏಳನೇ ಬ್ಲಾಕ್ ಇದೆ. ಮಣಿ ತನ್ನ ಏಳನೇ ಬ್ಲಾಕನ್ನು ಬಿಟ್ಟು ಸುತ್ತು ಹಾಕಿ ಹೋದಳು. ಆನೆ ಇದ್ದದ್ದು ಪಕ್ಕದ ತೋಟದ ಏಳರಲ್ಲಿ, ಅವಳು ಸುತ್ತು ಹಾಕಿದ ದಾರಿಯಲ್ಲೇ.

ಇದನ್ನು ನನಗೆ ಹೇಳಿದವರು ಮಣಿಯ ಅಕ್ಕ ಸರಸಕ್ಕ. ಐವತ್ತರ ಹತ್ತಿರದ ಹೆಂಗಸು. ಹುಟ್ಟಿದ್ದು ತೋಟದ ಕೂಲಿಯವರು ಸಾಲಾಗಿ ಇರುವ ಲೈನ್‌ಮನೆಯಲ್ಲಿ, ಮದುವೆಯಾಗಿ ಬಂದದ್ದೂ ಲೈನ್‌ಮನೆಗೇ. ಮನೆಮಾತು ತಮಿಳು. ನನ್ನ ಹತ್ತಿರ ಕನ್ನಡ, ತೋಟದ ಲೆಕ್ಕ ಬರೆಯುವ ರೈಟರ್ ಹತ್ತಿರ ಅರೆಭಾಷೆ, ಅಂಗಡಿಯಲ್ಲಿ ಮಲಯಾಳ. ಇಪ್ಪತ್ತೆಂಟು ಹೆಂಗಸರ ಕುಯ್ಲಿನ ಗುಂಪಿಗೆ ಅವರೇ ಮುಂದಾಳು. ಆ್ಯಪಿನ ಮೊದಲ ಆವೃತ್ತಿಯನ್ನು ಅವರ ಫೋನಿಗೆ ಹಾಕಿ ತೋರಿಸಿದೆ. ಕಂಡವರು ಬಟನ್ ಒತ್ತಿದರೆ ಆನೆ ಇರುವ ಜಾಗ ಎಲ್ಲರ ನಕ್ಷೆಯಲ್ಲೂ ಮೂಡಬೇಕು, ಅಷ್ಟೇ. ನಕ್ಷೆಯ ಜೊತೆ ಸಿದ್ಧವಾಗಿ ಬರುವ, ಜಾಗ ತೋರಿಸುವ ಕೆಂಪು ಮೊಳೆಗಳನ್ನೇ ಇಟ್ಟಿದ್ದೆ. ಸರಸಕ್ಕ ಫೋನನ್ನು ದೂರ ಹಿಡಿದು, ಹತ್ತಿರ ಹಿಡಿದು ನೋಡಿದರು.

“ಇದ್ರಲ್ಲಿ ಆನೆ ಯಾವ್ದು ಮೇಡಂ, ಅಂಗಡಿ ಯಾವ್ದು?”

“ಒತ್ತಿದ್ರೆ ಹೆಸರು ಬರುತ್ತೆ ಅಕ್ಕ.”

“ಒತ್ತಿ ಓದೋವರೆಗೆ ಆನೆ ಕಾಯ್ತದಾ?”

ಮರುವಾರ ಮೊಳೆ ತೆಗೆದು ಆನೆಯ ಚಿತ್ರ ಹಾಕಿಕೊಂಡು ಹೋದೆ. ಎಲ್ಲಿಂದಲೋ ಸಿಕ್ಕ ಚಿತ್ರ, ತಿಳಿನೀಲಿ ಬಣ್ಣ, ಸೊಂಡಿಲು ಎತ್ತಿ ನಗುವ ಮರಿಯಾನೆ. ಹೆಂಗಸರೆಲ್ಲ ಸುತ್ತ ನಿಂತು ನೋಡಿ ನಕ್ಕರು. “ಇದನ್ನ ನೋಡಿದ್ರೆ ಬಾಳೆಹಣ್ಣು ಕೊಡುವ ಅನ್ನಿಸ್ತದೆ,” ಎಂದರು ಸರಸಕ್ಕ. “ಹೆದ್ರಿಕೆ ಆಗ್ಬೇಕು. ನೋಡಿದ ಕೂಡ್ಲೇ ಕಾಲು ನಿಲ್ಬೇಕು.”

ಕೊನೆಗೆ ಚಿತ್ರವನ್ನು ನಾನೇ ಬರೆದೆ. ಕಪ್ಪು, ತಲೆ ತಗ್ಗಿಸಿದ, ಕಿವಿ ಅಗಲಿಸಿದ ಆನೆ. ಒಂಟಿ ಸಲಗಕ್ಕೆ ಒಂದು ಚಿತ್ರ, ಮರಿಯಿರುವ ಗುಂಪಿಗೆ ಇನ್ನೊಂದು. ಆನೆಯನ್ನೇ ಕಾಣದೆ ಲದ್ದಿ ಅಥವಾ ಹೆಜ್ಜೆ ಮಾತ್ರ ಕಂಡಿದ್ದರೆ ಬರೀ ಪಾದದ ಗುರುತು. ಬೆಳಿಗ್ಗೆ ಕಂಡ ಆನೆ ಮಧ್ಯಾಹ್ನವೂ ನಕ್ಷೆಯಲ್ಲಿ ಅಷ್ಟೇ ಕಪ್ಪಾಗಿ ನಿಂತಿದ್ದರೆ ಯಾರು ನಂಬುತ್ತಾರೆ ಎಂದು ಅದೇ ಗುಂಪಿನ ಗಿರಿಜಾ ಕೇಳಿದಳು. ನನ್ನ ವಯಸ್ಸಿನವಳು, ಹತ್ತನೇ ತರಗತಿವರೆಗೆ ಓದಿದವಳು, ಗುಂಪಿಗೆ ಬಂದ ಕಾಗದ ಪತ್ರ ಓದಿ ಹೇಳುವವಳು. ಅವಳ ಮಾತಿನಂತೆ ಹೊತ್ತು ಕಳೆದ ಹಾಗೆ ಆನೆ ಮಸುಕಾಗುತ್ತಾ ಹೋಗುವಂತೆ ಮಾಡಿದೆ. ನಾನು ಓದಿದ್ದು ಕಾಲೇಜಿನಲ್ಲಿ, ಕೆಲಸ ಕಲಿತದ್ದು ಸರಸಕ್ಕನ ಲೈನಿನ ನಲ್ಲಿಕಟ್ಟೆಯ ಮೇಲೆ ಕೂತು.

ನೀಲಿ ಚುಕ್ಕಿಯದ್ದೇ ಬೇರೆ ಗಲಾಟೆ. ನಕ್ಷೆ ತೆರೆದರೆ ನಾವು ಇರುವ ಜಾಗದಲ್ಲಿ ನೀಲಿ ಚುಕ್ಕಿ ಬರುತ್ತದಲ್ಲ, ಅದನ್ನು ತೋರಿಸಿದಾಗ ಸರಸಕ್ಕ, “ಇದು ಯಾರು?” ಎಂದರು.

“ನೀವೇ ಅಕ್ಕ.”

“ನಾನಾ? ನಾನು ನಲ್ಲಿ ಹತ್ರ ಕೂತಿದೀನಿ, ಇದು ಹೊಳೇಲಿ ಈಜ್ತಾ ಉಂಟು.”

ನಿಜ. ದಟ್ಟ ಮರದ ನೆರಳಿನಲ್ಲಿ ಫೋನಿಗೆ ಜಾಗ ಸರಿಯಾಗಿ ಸಿಗುವುದಿಲ್ಲ. ಚುಕ್ಕಿ ಇಲ್ಲಿಂದ ಅಲ್ಲಿಗೆ ನೆಗೆಯುತ್ತದೆ. ಹಾಗಾಗಿ ಚುಕ್ಕಿಯ ಸುತ್ತ ತೆಳ್ಳಗೆ ಒಂದು ವೃತ್ತ ಇಟ್ಟೆ. ಈ ವೃತ್ತದೊಳಗೆ ಎಲ್ಲೋ ಇದ್ದೀರಿ, ಸರಿಯಾಗಿ ಎಲ್ಲಿ ಅಂತ ಫೋನಿಗೂ ಗೊತ್ತಿಲ್ಲ ಎಂದು ವಿವರಿಸಿದೆ. ಪ್ರಕಾಶ್ ಸರ್‌ಗೆ ಅದು ಹಿಡಿಸಲಿಲ್ಲ. ವೃತ್ತ ಇದ್ದರೆ ನಮ್ಮ ಆ್ಯಪಿಗೇ ಅನುಮಾನ ಇರುವ ಹಾಗೆ ಕಾಣುತ್ತದೆ, ತೆಗೆ ಎಂದರು. ಸರಸಕ್ಕನಿಗೆ ಹೇಳಿದೆ. “ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂದ್ರೆ ಎಂತ ತಪ್ಪು? ಇರ್ಲಿ ಅದು,” ಎಂದರು. ವೃತ್ತ ಉಳಿಯಿತು. ಅಂದಿನಿಂದ ಮೇಡಂ ಹೋಗಿ ನಾನು ಶೋಭಾ ಆದೆ, ಮನಸ್ಸು ಬಂದಾಗ, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ, ಕಣ್ಣು ಆದೆ.

ಜನವರಿ ಮುಗಿಯುವ ಹೊತ್ತಿಗೆ ಎಲ್ಲರೂ ಆ್ಯಪ್ ಬಳಸುತ್ತಿದ್ದರು. ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮುಂಚೆ ಹೆಂಗಸರು ಲೈನಿನ ಮುಂದೆ ನಿಂತು ಒಮ್ಮೆ ಫೋನು ನೋಡಿ ದಾರಿ ಗೊತ್ತು ಮಾಡುತ್ತಿದ್ದರು. ನಾನು ಹಿಗ್ಗಿದ್ದೆ.

ಆಮೇಲೆ ಆ ಬೆಳಿಗ್ಗೆ ಬಂತು. ಕೆರೆಯ ಆಚೆ ದಡದಲ್ಲಿ ಸಲಗ ಇದೆ ಎಂದು ನಕ್ಷೆ ತೋರಿಸುತ್ತಿತ್ತು. ಸರಸಕ್ಕ ಆರು ಜನರನ್ನು ಕರೆದುಕೊಂಡು ಈಚೆ ದಡದ ಮೇಲೆ ಹೊರಟರು. ಮಂಜು ಇನ್ನೂ ಎದ್ದಿರಲಿಲ್ಲ. ಕೆರೆ ಏರಿ ಮುಗಿಯುವಲ್ಲಿ, ಕಾಫಿ ಗಿಡಗಳ ನಡುವೆ, ಸಲಗ ಈಚೆಗೇ ನಿಂತಿತ್ತು. ಕಿವಿ ಅಲ್ಲಾಡಿದ್ದು ಕಂಡಿತಂತೆ, ಅಷ್ಟು ಹತ್ತಿರ. ಎಲ್ಲರೂ ಓಡಿದರು. ಗಿರಿಜಾ ಚರಂಡಿಗೆ ಬಿದ್ದು ಮಣಿಕಟ್ಟು ಮುರಿದುಕೊಂಡಳು. ಆನೆ ಎರಡು ಹೆಜ್ಜೆ ಮುಂದೆ ಬಂದು, ಯಾಕೋ, ಹಿಂದಕ್ಕೆ ತಿರುಗಿತು.

ಸುದ್ದಿ ಕೇಳಿ ಸಿಕ್ಕ ಜೀಪು ಹತ್ತಿ ಓಡಿದೆ. ಗಿರಿಜಾಳನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದರು. ಸರಸಕ್ಕ ಲೈನಿನ ಮೆಟ್ಟಿಲ ಮೇಲೆ ಕೂತಿದ್ದರು. ಫೋನು ಕೊಟ್ಟರು. ನಕ್ಷೆಯಲ್ಲಿ ಆನೆ ಆಚೆ ದಡದಲ್ಲೇ ಇತ್ತು. ನಕ್ಷೆಯನ್ನು ಬೆರಳಿನಿಂದ ಹಿಗ್ಗಿಸಿದೆ. ಹಿಗ್ಗಿಸಿದ ಹಾಗೆ ಆನೆ ಕೆಳಕ್ಕೆ ಜಾರಿ ನೀರಿನ ಮೇಲೆ ಬಂತು. ಇನ್ನೂ ಹಿಗ್ಗಿಸಿದೆ. ಈಚೆ ದಡಕ್ಕೆ ಬಂದು ನಿಂತಿತು.

“ಆನೆ ಕೆರೆ ದಾಟ್ತಾ ಉಂಟಲ್ಲ,” ಎಂದರು ಸರಸಕ್ಕ ಮೆಲ್ಲಗೆ.

ಕೆಂಪು ಮೊಳೆಯ ಕೆಳಗಿನ ತುದಿ ನೆಲಕ್ಕೆ ತಾಗುತ್ತದೆ. ನಾನು ಬರೆದ ಆನೆಯ ಕಾಲ ಕೆಳಗೆ ಕಣ್ಣಿಗೆ ಕಾಣದ ಖಾಲಿ ಜಾಗ ಬಿಟ್ಟಿದ್ದೆ. ಆ ಖಾಲಿ ಅಂಚು ನಿಜವಾದ ಜಾಗದಲ್ಲಿ ಕೂತು, ಆನೆ ಅದರ ಮೇಲೆ ತೇಲುತ್ತಿತ್ತು. ನಕ್ಷೆ ಹತ್ತಿರದಿಂದ ನೋಡಿದರೆ ಅದೊಂದು ಗೇಣಿನ ತಪ್ಪು. ದೂರದಿಂದ ನೋಡಿದರೆ ಒಂದು ಕೆರೆಯಷ್ಟು ದೂರ. ಚಿತ್ರ ಬದಲಾಯಿಸಿದಾಗ ಅದರ ಯಾವ ಭಾಗ ನೆಲಕ್ಕೆ ತಾಗಬೇಕೆಂದು ಹೇಳುವ ಒಂದು ಸಾಲು ಪ್ರೋಗ್ರಾಮಿನಲ್ಲಿ ಇದೆ. ಅದನ್ನು ನಾನು ಬದಲಾಯಿಸಿರಲಿಲ್ಲ.

“ಇದು ನನ್ನ ತಪ್ಪು ಅಕ್ಕ,” ಎಂದೆ. ಅಳು ಬಂತು.

ಅವರು ತಂಗಿಯನ್ನು ಕಳೆದುಕೊಂಡವರು. ಬೈದಿದ್ದರೆ ಸಹಿಸಿಕೊಳ್ಳುತ್ತಿದ್ದೆ. “ಮೊದ್ಲು ಸರಿ ಮಾಡು,” ಎಂದರು. “ಅಳೋದು ಆಮೇಲೆ.”

ಅಲ್ಲೇ ಮೆಟ್ಟಿಲ ಮೇಲೆ ಲ್ಯಾಪ್‌ಟಾಪ್ ತೆರೆದು ಸರಿ ಮಾಡಿದೆ. ಪ್ರಕಾಶ್ ಸರ್‌ಗೆ ಫೋನಿನಲ್ಲಿ ವಿಷಯ ಹೇಳಿದೆ. “ಅಪ್ಡೇಟ್ ಕಳಿಸಿದ್ಯಲ್ಲ, ಮುಗೀತು. ತೋಟದವ್ರ ಹತ್ರ ಬಾಯಿ ಬಿಡ್ಬೇಡ. ಮಂಜಿತ್ತು, ನೆಟ್‌ವರ್ಕ್ ಇರ್ಲಿಲ್ಲ ಅಂತ ನಾನು ಹೇಳ್ಕೋತೀನಿ,” ಎಂದರು. ನಾನು ಸುಮ್ಮನಾದೆ. ಆ ಮೌನಕ್ಕೆ ಐದನೆಯ ದಿನ ಬೆಲೆ ತೆರಬೇಕಾಯಿತು.

ಐದನೆಯ ದಿನ ನಾಲ್ಕೂ ತೋಟಗಳ ಪರವಾಗಿ ವ್ಯವಹಾರ ನೋಡುತ್ತಿದ್ದ ಮ್ಯಾನೇಜರು ನಮ್ಮನ್ನು ಎಸ್ಟೇಟ್ ಆಫೀಸಿಗೆ ಕರೆಸಿದರು. ಮಾತು ಮೆತ್ತಗಿನ ಮನುಷ್ಯ. ಗೋಡೆಗೆ ಹೊಸ ದೊಡ್ಡ ಟಿವಿ ಹಾಕಿಸಿದ್ದರು.

“ಮೊನ್ನೆ ನೋಡಿ, ಏಳು ಜನ ಎಲ್ಲಿದ್ರು ಅಂತ ನಮಗೆ ಗೊತ್ತೇ ಇಲ್ಲ. ಗೊತ್ತಿದ್ರೆ ಜೀಪು ಕಳಿಸ್ಬಹುದಿತ್ತು. ಅವರವರ ಫೋನಲ್ಲಿ ನೀಲಿ ಚುಕ್ಕಿ ಬರ್ತದಲ್ಲ, ಅಷ್ಟನ್ನೂ ಈ ಟಿವೀಲಿ ಬರೋ ಹಾಗೆ ಮಾಡಿಕೊಡಿ. ಚುಕ್ಕಿ ಮೇಲೆ ಹೆಸರಿರ್ಲಿ. ನಡೀತಾ ಇದ್ರೆ ಹಸಿರು. ಹತ್ತು ನಿಮಿಷಕ್ಕಿಂತ ಹೆಚ್ಚು ಒಂದೇ ಕಡೆ ನಿಂತ್ರೆ ಕೆಂಪು.”

“ನಿಂತ್ರೆ ಯಾಕೆ ಸರ್ ಕೆಂಪು?” ಎಂದೆ.

“ಬಿದ್ದಿರ್ಬಹುದು. ಅಪಾಯ ಆಗಿರ್ಬಹುದು,” ಎಂದವರು, ಸ್ವಲ್ಪ ತಡೆದು, “ಕೆಲಸಾನೂ ಗೊತ್ತಾಗ್ತದೆ,” ಎಂದರು.

ಪ್ರಕಾಶ್ ಸರ್ ಮುಂದಕ್ಕೆ ಬಾಗಿದರು. “ಎರಡು ದಿನದ ಕೆಲಸ ಸರ್. ಶೋಭಾ ಮಾಡ್ತಾಳೆ.”

“ಎರಡು ದಿನ ಬೇಡ ಸರ್, ಅರ್ಧ ದಿನ ಸಾಕು,” ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. “ಆದ್ರೆ ನಾನು ಮಾಡಲ್ಲ.”

ಹೊರಗೆ ಬಂದ ಮೇಲೆ ಪ್ರಕಾಶ್ ಸರ್ ಕಾರಿನ ಬಾಗಿಲು ಹಿಡಿದು ನಿಂತು, ಇನ್ನೊಬ್ಬರ ಕೈಯಲ್ಲಿ ಮಾಡಿಸುತ್ತೇನೆ, ನಿನಗೆ ಯೋಚಿಸಲು ಎರಡು ದಿನ ಕೊಟ್ಟಿದ್ದೇನೆ ಎಂದರು. ನನಗೆ ಎರಡು ದಿನ ಬೇಕಾಗಲಿಲ್ಲ. ಮರುದಿನ ಸಂಜೆ, ಯಾರೂ ಕರೆಯದಿದ್ದರೂ, ನಾಲ್ಕೂವರೆ ಬಸ್ಸಿಗೆ ನೆಲ್ಯಹುದಿಕೇರಿಯಲ್ಲಿ ಇಳಿದು ತೋಟದ ಕಣಕ್ಕೆ ಹೋದೆ.

ಸಂಜೆಯ ತೂಕದ ಹೊತ್ತು. ಹೆಂಗಸರು ಅವತ್ತು ಕುಯ್ದ ಹಣ್ಣಿನ ಚೀಲಗಳನ್ನು ಇಳಿಸಿಕೊಂಡು ಸಾಲಾಗಿ ಕಾಯುತ್ತಿದ್ದರು. ಹಾಜರಿ, ತೂಕ ನೋಡುವ ರೈಟರ್ ಅಪ್ಪಣ್ಣ ಪುಸ್ತಕ ಹಿಡಿದಿದ್ದರು. ಮ್ಯಾನೇಜರು ಮಧ್ಯೆ ನಿಂತು ನಾಳಿದ್ದಿನಿಂದ ಎಲ್ಲರೂ ಫೋನಿನ ಲೊಕೇಶನ್ ಆನ್ ಇಟ್ಟುಕೊಂಡೇ ಬರಬೇಕು, ಆಫೀಸಿನಲ್ಲಿ ಒಬ್ಬರು ನೋಡುತ್ತಾ ಕೂತಿರುತ್ತಾರೆ, ಎಲ್ಲ ನಿಮ್ಮ ಒಳ್ಳೆಯದಕ್ಕೇ ಎಂದು ಹೇಳುತ್ತಿದ್ದರು. ಗಿರಿಜಾಳ ಕೈ ನೋಡಿ, ಇನ್ನೊಬ್ಬರಿಗೆ ಹೀಗಾಗಬಾರದು ಎಂದರು. ಅವಳ ಕೈಗೆ ಬಿಳಿ ಪಟ್ಟಿ. ಕೆಲಸವಿಲ್ಲದಿದ್ದರೂ ಜೊತೆಯವರನ್ನು ನೋಡಲು ಬಂದಿದ್ದಳು.

“ಅವ್ಳ ಕೈ ಮುರಿದಿದ್ದು ನನ್ನಿಂದ,” ಎಂದೆ.

ಎಲ್ಲರೂ ತಿರುಗಿದರು. “ಅವತ್ತು ತಪ್ಪಿದ್ದು ನೀವೆಲ್ಲಿದ್ರಿ ಅನ್ನೋದಲ್ಲ. ಆನೆ ಎಲ್ಲಿದೆ ಅನ್ನೋದನ್ನ ನಾನು ತಪ್ಪಾಗಿ ತೋರ್ಸಿದ್ದೆ. ಅದನ್ನ ಅವತ್ತೇ ಸರಿ ಮಾಡಿದೀನಿ. ಸರಸಕ್ಕನಿಗೆ ಗೊತ್ತು. ನಿಮ್ಮ ಚುಕ್ಕಿ ಯಾರ ಟಿವೀಲಿ ಇದ್ದಿದ್ರೂ ಆ ಆನೆ ಅಲ್ಲೇ ನಿಂತಿರ್ತಿತ್ತು. ಈಗ ನಿಮ್ಮ ಚುಕ್ಕಿ ನಿಮ್ಮ ಫೋನು ಬಿಟ್ಟು ಎಲ್ಲೂ ಹೋಗಲ್ಲ. ಆನೆಗಳ ಜಾಗ ನಿಮ್ಮ ಫೋನಿಗೆ ಬರುತ್ತೆ, ಎಷ್ಟು ದೂರ ಅಂತ ಫೋನೇ ಲೆಕ್ಕ ಹಾಕುತ್ತೆ. ಅದಕ್ಕೆ ನಿಮ್ಮನ್ನ ಇನ್ನೊಬ್ರು ನೋಡೋ ಅಗತ್ಯ ಇಲ್ಲ.”

ಗಿರಿಜಾ ನನ್ನನ್ನು ದಿಟ್ಟಿಸಿದಳು. ಅವಳಿಗೆ ಇದು ಗೊತ್ತಿರಲಿಲ್ಲ. ಸರಸಕ್ಕ ಹೇಳಿರಲಿಲ್ಲ, ಹೇಳುವುದು ನನ್ನ ಕೆಲಸ ಎಂದು ಬಿಟ್ಟಿದ್ದರು. ಆ ನೋಟ ತಪ್ಪಿಸಬೇಕೆನಿಸಿತು. ತಪ್ಪಿಸಲಿಲ್ಲ.

ಮ್ಯಾನೇಜರು ನನ್ನ ಕಡೆ ಕೈ ತೋರಿಸಿದರು. “ಇವರು ಆಫೀಸಿನ ವಿಷಯ ಇಲ್ಲಿ ಮಾತಾಡೋ ಹಾಗಿಲ್ಲ,” ಎಂದರು.

ಆಗ ಸರಸಕ್ಕ ತಮ್ಮ ಚೀಲದ ಮೇಲಿಂದ ಎದ್ದರು. “ಸಾರ್, ಒಂದು ಕೇಳ್ತೇನೆ. ತೋಟದೊಳಗೆ ನಮಗೆ ಕಕ್ಕಸು ಇಲ್ಲ. ಗಿಡದ ಮರೆಗೆ ಹೋಗ್ತೇವೆ. ಅದೂ ನಿಮ್ಮ ಟಿವೀಲಿ ಬರ್ಬೇಕಾ? ಹೆಸ್ರು ಹಾಕಿ, ಕೆಂಪು ಬಣ್ಣ ಹಚ್ಚಿ?”

ಅಪ್ಪಣ್ಣ ಪುಸ್ತಕದೊಳಗೆ ತಲೆ ಹಾಕಿದರು.

“ನನ್ನ ತಂಗಿ ಸತ್ತದ್ದಕ್ಕೆ ಈ ಆ್ಯಪು ಬಂತು. ಬೇಕು ಅದು ನಮಗೆ. ಅಪಾಯ ಆದಾಗ ನಾವೆಲ್ಲಿದ್ದೇವೆ ಅಂತ ನಾವೇ ಹೇಳ್ತೇವೆ, ಅದಕ್ಕೊಂದು ಬಟನು ಕೊಡಿ. ಅದು ಬಿಟ್ಟು ಇಡೀ ದಿನ ನೋಡ್ತೇವೆ ಅಂದ್ರೆ ಫೋನು ಮನೇಲಿರ್ತದೆ. ನಾವು ಮಾತ್ರ ಕೆಲಸಕ್ಕೆ ಬರ್ತೇವೆ.”

ಹೇಳಿದಂತೆಯೇ ಮಾಡಿದರು. ಮರುದಿನದಿಂದ ಇಪ್ಪತ್ತೆಂಟು ಫೋನುಗಳು ಲೈನ್‌ಮನೆಗಳಲ್ಲಿ ಉಳಿದವು. ಹೆಂಗಸರು ತಗಡಿನ ಡಬ್ಬ, ಕೋಲು ಹಿಡಿದು ಬಡಿಯುತ್ತಾ ಕೂಗುತ್ತಾ ಹಳೆಯ ಹಾಗೆ ಕೆಲಸಕ್ಕೆ ಹೋದರು. ಅವರ ಜೀವಕ್ಕೆ ಅದೆಷ್ಟು ದುಬಾರಿಯಾದ ಹಟ ಎಂದು ನನಗೆ ಗೊತ್ತಿತ್ತು.

ಮ್ಯಾನೇಜರು ಒಂದು ವಿಷಯ ಯೋಚಿಸಿರಲಿಲ್ಲ. ನಕ್ಷೆಯ ಮೇಲೆ ಆನೆಗಳನ್ನು ಇಡುತ್ತಿದ್ದವರು ಆ ಹೆಂಗಸರೇ. ಬೆಳಕಾಗುವ ಮುಂಚೆ ಎದ್ದು ತೋಟದೊಳಗೆ ಕಣ್ಣು ಹಾಯಿಸುತ್ತಿದ್ದವರು ಬೇರೆ ಯಾರಿದ್ದರು? ಮೊದಲ ದಿನ ನಕ್ಷೆಯಲ್ಲಿ ಹಳೆಯ ಆನೆಗಳು ಮಸುಕಾದವು. ಎರಡನೇ ದಿನ ನಕ್ಷೆ ಖಾಲಿ. ಬರೀ ಹಸಿರು, ಒಂದು ಕೆರೆ, ರಸ್ತೆಗಳು. ಅದನ್ನು ನೋಡಿ ಆನೆಯಿಲ್ಲವೆಂದು ನಂಬಿದ ಅಪ್ಪಣ್ಣ ಮೂರನೇ ದಿನ ಸ್ಕೂಟರಿನಲ್ಲಿ ಹೋಗುತ್ತಾ ತಿರುವಿನಲ್ಲಿ ಮರಿಯಿದ್ದ ಗುಂಪಿಗೇ ಎದುರಾದರು. ಸ್ಕೂಟರು ಬಿಟ್ಟು ಓಡಿ ಉಳಿದರು. ಸ್ಕೂಟರು ಉಳಿಯಲಿಲ್ಲ. ಅದೇ ರಸ್ತೆಯಲ್ಲಿ ತೋಟದ ಯಜಮಾನರ ಮನೆಯವರೂ ಓಡಾಡುತ್ತಿದ್ದರು. ನಕ್ಷೆ ಯಾಕೆ ಖಾಲಿ ಎಂದು ನಾಲ್ಕೂ ಬಂಗಲೆಗಳಿಂದ ಮ್ಯಾನೇಜರಿಗೆ ಫೋನು ಹೋಯಿತು.

ನಾಲ್ಕನೇ ದಿನ ಪ್ರಕಾಶ್ ಸರ್ ನನ್ನ ಮೇಜಿನ ಹತ್ತಿರ ಬಂದು, ಮುಖ ನೋಡದೆ, “ಆ ಬಟನ್ ಹಾಕು. ಟಿವಿ ವಿಷಯ ಬೇಡ್ವಂತೆ,” ಎಂದರು. ಬಟನ್ ಹಾಕಿದೆ. ಒತ್ತಿದರೆ ಮಾತ್ರ ಒತ್ತಿದವರ ಜಾಗ ಜೊತೆಯವರಿಗೂ ಆಫೀಸಿಗೂ ಕಾಣುತ್ತದೆ, ಅವರೇ ಆರಿಸಿದರೆ ಆರುತ್ತದೆ. ಹೆಂಗಸರು ಫೋನು ಹಿಡಿದು ಕೆಲಸಕ್ಕೆ ಬಂದರು. ಸಂಜೆಯೊಳಗೆ ನಕ್ಷೆಯ ಮೇಲೆ ಐದು ಆನೆ ಬಂದು ನಿಂತವು.

ಕುಯ್ಲು ಮುಗಿಯುವವರೆಗೆ ಆ ನಾಲ್ಕು ತೋಟಗಳಲ್ಲಿ ಆನೆಯಿಂದ ಯಾರಿಗೂ ಏನೂ ಆಗಲಿಲ್ಲ. ಗಿರಿಜಾ ನನ್ನ ಜೊತೆ ಎರಡು ವಾರ ಮಾತಾಡಲಿಲ್ಲ. ಆಮೇಲೆ ಒಂದು ದಿನ ಪಟ್ಟಿ ಬಿಚ್ಚಿಸಿಕೊಂಡು ಬಂದು, ಸಣಕಲಾದ ಕೈಯನ್ನು ನನ್ನ ಮುಂದೆ ಚಾಚಿ, “ನೋಡು, ನಿನ್ನ ಆನೆ ಮಾಡಿದ್ದು,” ಎಂದಳು. ನಾನು ಆ ಕೈ ಹಿಡಿದುಕೊಂಡೆ. ಅವಳು ಹಿಂದಕ್ಕೆ ಎಳೆದುಕೊಳ್ಳಲಿಲ್ಲ.

ಮಾರ್ಚ್ ಕೊನೆಗೆ ನನ್ನ ಕೆಲಸ ಹೋಯಿತು. ಗಿರಾಕಿಯ ಮುಂದೆ ಆಫೀಸಿನ ತಪ್ಪು ಹೇಳಿದವಳನ್ನು ಇಟ್ಟುಕೊಳ್ಳುವುದು ಕಷ್ಟ ಎಂದರು ಪ್ರಕಾಶ್ ಸರ್. ಕ್ಷಮೆ ಕೇಳಿ ಬರೆದುಕೊಟ್ಟರೆ ನೋಡೋಣ ಎಂದರು. ಗಿರಿಜಾಳ ಹತ್ತಿರ ಕೇಳಿಯಾಗಿದೆ, ಇನ್ನು ಯಾರ ಹತ್ತಿರವೂ ಬಾಕಿ ಇಲ್ಲ ಎಂದು ಬ್ಯಾಗು ತೆಗೆದುಕೊಂಡು ಮೆಟ್ಟಿಲಿಳಿದೆ.

ಮನೆಯಲ್ಲಿ ಅವ್ವ ತಲೆ ಚಚ್ಚಿಕೊಂಡಳು. “ಅಲ್ಲ ಕಣಮ್ಮಿ, ನಂದೇ ತಪ್ಪು ಅಂತ ನೀನಾಗೇ ಯಾಕ್ ಒಪ್ಕಂಡೆ?”

“ಮಾಡಿದ್ನಲ್ಲವ್ವ.”

ಅವ್ವ ತಲೆಯಿಂದ ಕೈ ತೆಗೆದಳು. “ಅಂಗಾದ್ರೆ ಸರಿ ಬುಡು,” ಎಂದು ಒಳಗೆ ಹೋಗಿ ತಟ್ಟೆ ಹಾಕಿದಳು. ಈಗ ಮನೆಯ ಮುಂದಿನ ಕೋಣೆಯಲ್ಲೇ ಕೂತು ಸಿಕ್ಕ ಕೆಲಸ ಮಾಡಿಕೊಡುತ್ತೇನೆ. ಕೆಲಸ ಕೊಡುವವರಿಗೆ ಮೊದಲೇ ಹೇಳುತ್ತೇನೆ, ಜನ ಎಲ್ಲಿದ್ದಾರೆ ಎಂದು ಅವರಿಗೆ ಗೊತ್ತಿಲ್ಲದ ಹಾಗೆ ನೋಡುವ ಆ್ಯಪ್ ನನ್ನಿಂದ ಆಗುವುದಿಲ್ಲ ಎಂದು. ಕೆಲವರು ಎದ್ದು ಹೋಗುತ್ತಾರೆ. ಹೋಗಲಿ.

ಮರುವರ್ಷದ ಕುಯ್ಲಿಗೆ ತೋಟದವರು ಬೇರೆ ಯಾರಿಂದಲೋ ಹೊಸ ಆ್ಯಪ್ ಮಾಡಿಸಿದರು. ಒಂದು ಮಧ್ಯಾಹ್ನ ಸರಸಕ್ಕನ ಫೋನು ಬಂತು. ಹಿಂದೆ ಹೆಂಗಸರ ಗಲಾಟೆ ಕೇಳಿಸುತ್ತಿತ್ತು.

“ಕಣ್ಣು, ಹೊಸದು ಬಂದಿದೆ. ತೆರೆದ ಕೂಡ್ಲೇ ಕೇಳ್ತದೆ, ನೀವೆಲ್ಲಿದ್ದೀರಿ ಅಂತ ಯಾವಾಗ್ಲೂ ನೋಡ್ಬಹುದಾ ಅಂತ.”

“ನೀವೇನ್ ಮಾಡಿದ್ರಿ ಅಕ್ಕ?”

“ಗಿರಿಜಾ ಓದಿ ಹೇಳಿದ್ಲು. ಇಪ್ಪತ್ತೆಂಟು ಜನಾನೂ ಇಲ್ಲ ಅಂತ ಒತ್ತಿದ್ವಿ.”

“ಸರಿಯಾಗಿ ಒತ್ತಿದ್ರಾ? ನಾನು ಬಂದು ನೋಡ್ಲಾ?”

“ಬಾ. ಆದ್ರೆ ಫೋನು ಹಿಡ್ಕೊಂಡು ಹುಡುಕ್ಬೇಡ, ನಾವು ಸಿಗಲ್ಲ. ಗೇಟು ದಾಟಿ ಒಳಗೆ ಬಂದು ಜೋರಾಗಿ ಕೂಗು. ನಮಗೆ ಇಷ್ಟ ಇದ್ರೆ ಓ ಅಂತೇವೆ.”